ಶಾಲ್ಮಲೆಯ ಉಗಮವೂ ಸೋಮೇಶ್ವರದ ವನವಿಹಾರವೂ

ಧಾರವಾಡ ನಗರವು ನೀರು ಹಂಚುವ ದಿಬ್ಬದ ಮೇಲೆ ನೆಲೆಸಿರುವದು. ಇಲ್ಲಿಯ ಉಳವಿ ಚನ್ನಬಸವೇಶ್ವರನ ಗುಡಿಯ ಒಂದು ಮಗ್ಗುಲಿಗೆ ಬಿದ್ದ ಮಳೆಯು ಪಡುವಣ ಕಡಲಿಗೂ ಇನ್ನೊಂದು ಮಗ್ಗುಲಿನದು ಮೂಡಣ ಕಡಲಿಗೂ ಹೋಗುವದೆಂದು ಜನರು ಆಡಿಕೊಳ್ಳುವರು. ಮಾತಿನಲ್ಲಿ ತುಸು ಅಲಂಕಾರವಿದ್ದರೂ ನೆಲದ ಇಳಿಜಾರು ಅದನ್ನು ಸುಳ್ಳೆನ್ನುವದಿಲ್ಲ. ಮೂಡಲಿನ ನೀರು ಬೆಣ್ಣೆಹಳ್ಳ, ಮಲಪ್ರಭೆಗಳ ದಾರಿಯಿಂದ ಕೃಷ್ಣೆಯನ್ನು ಕೂಡುವದು. ಪಡುವಲಿನ ನೀರಿನಿಂದ ಶಾಲ್ಮಲೆಯಾಗುವದು.

ಊರಿನ ದಕ್ಷಿಣಕ್ಕೆ ಸೋಮೇಶ್ವರ ದೇವಾಲಯದ ಬಳಿಯಲ್ಲಿ ಈ ಹಳ್ಳದ ಉಗಮವು. ಇಲ್ಲಿ ಇದನ್ನು ನೋಡಿದ ಪರಸ್ಥಳದವರು ನದಿಯೆನ್ನಲು ಅನುಮಾನಿಸುವರು. ಆದರೆ ಇದೇ ಹಳ್ಳವು ಕಲಘಟಗಿಯ ಸೀಮೆಯಲ್ಲಿ ಹುಬ್ಬಳ್ಳಿಯ ಕಡೆಯ ಹಳ್ಳದೊಡನೆ ಕೂಡಿ ಬೇಡ್ತಿಯೆನಿಸಿ, ಯಲ್ಲಾಪುರ ತಾಲೂಕಿನ ಮಾಗೋಡಿನಲ್ಲಿ ಸುಮಾರು 200 ಮೀಟರು ಕೆಳಗೆ ಧುಮುಕಿ, ಗಂಗಾವಳಿಯೆಂಬ ಹೆಸರಿನಿಂದ ಗೋಕರ್ಣದ ಉತ್ತರಕ್ಕೆ ಸಮುದ್ರವನ್ನು ಸೇರುವದು. ಸಿರಸಿಯ ಸಹಸ್ರಲಿಂಗದ ಶಾಲ್ಮಲೆಯು ಬೇರೆ ಹೊಳೆ. ಅದೂ ಕಡೆಗೆ ಈ ನದಿಯನ್ನೇ ಕೂಡುವದು.

ತೀರ್ಥಸ್ನಾನದಿಂದ ಪಾಪವು ಕಳೆಯುವದೆಂಬುದನ್ನು ಶರಣರು ಒಪ್ಪಲಿಲ್ಲ. ಆದುದರಿಂದ ಶಾಲ್ಮಲೆಯ ಮಹಿಮೆಯನ್ನು ಪುಣ್ಯದ ಲೆಕ್ಕದಲ್ಲಿ ಹೇಳುವದು ಮಠದ ಭಕ್ತರಿಗೆ ಸಲ್ಲದು. ಹಳ್ಳದಿಂದ ಅವರಿಗೆ ಸಂದದ್ದು ಶುದ್ಧವಾದ ನೀರು, ನೆಳಲು, ವಿಶ್ರಾಂತಿ. ಅದೇನು ಸಣ್ಣ ಲಾಭವೇ? ಶ್ರಾವಣ ಸೋಮವಾರಗಳಂದು ಸೋಮೇಶ್ವರನ ದರ್ಶನಕ್ಕೆ ಬಂದವರು ಜಡಿಮಳೆಯಲ್ಲಿ ನೆನೆದು ಹಸುರಾದ ದಂಡೆಯಲ್ಲಿ ಕುಳಿತು ಬುತ್ತಿ ಬಿಚ್ಚುವರು. ರೊಟ್ಟಿ, ಶೇಂಗಾದ ಹಿಂಡಿ, ಮೊಸರನ್ನ ಮುಗಿಯುವವರೆಗೆ ಹುಡುಗರು ನೀರು ಬಿಟ್ಟು ಏಳರು. 1917ರಲ್ಲಿ ಕರ್ನಾಟಕ ಕಾಲೇಜು ಸ್ಥಾಪಿತವಾದ ಮೇಲೆ ಧಾರವಾಡವು ವಿದ್ಯಾರ್ಥಿಗಳ ಊರಾಯಿತು. ಸಂಜೆ ಹವೆ ತಿನ್ನುತ್ತ ಬಹುದೂರ ನಡೆಯುವದು ಆ ಕಾಲದವರಿಗೆ ಓದಿನಷ್ಟೇ ನಿತ್ಯದ್ದಾಗಿದ್ದಿತು.

1962ರಲ್ಲಿ ಹುಬ್ಬಳ್ಳಿ-ಧಾರವಾಡಗಳು ಒಂದೇ ಮಹಾನಗರಪಾಲಿಕೆಯ ಆಡಳಿತಕ್ಕೆ ಒಳಪಟ್ಟವು. ಊರು ಬೆಳೆಯಿತು. ಮಳೆಯ ನೀರನ್ನು ಹೀರಿ ಬೇಸಿಗೆಯಲ್ಲಿ ಒಸರಿಸುತ್ತಿದ್ದ ನೆಲದ ಮೇಲೆ ಮನೆಗಳೂ ರಸ್ತೆಗಳೂ ಹಬ್ಬಿದವು. ಇಳಿಜಾರಿನ ತಲೆಯಲ್ಲಿ ಹುಟ್ಟುವ ಹಳ್ಳಕ್ಕೆ ಮೇಲಿನಿಂದ ಬರುವ ಬೇರೆ ನೀರಿಲ್ಲ. ಸುತ್ತಲಿನ ನೆಲವು ಕುಡಿದಷ್ಟೇ ಅದರ ಪಾಲು. ಮಿಕ್ಕುದನ್ನು ಊರಿನ ಗಟಾರಗಳು ತುಂಬುವವು. ಗಂಗೆಯ ನೀರು ಕೆಟ್ಟರೂ ಪವಿತ್ರವೆಂದು ಸಮಾಧಾನ ಹೇಳಿಕೊಳ್ಳುವವರುಂಟು. ಶರಣರ ಮತದವರಿಗೆ ಆ ಸಮಾಧಾನವೂ ಇಲ್ಲ. ಶ್ರಾವಣದಲ್ಲಿ ಭಕ್ತರು ಇಂದಿಗೂ ಸೋಮೇಶ್ವರಕ್ಕೆ ಬರುವರು, ಕುಡಿಯುವ ನೀರನ್ನು ಮಾತ್ರ ಮನೆಯಿಂದ ತರುವರು.