ಪೊಟೋಮ್ಯಾಕ್ ತೀರದ ಹೇಸರಗತ್ತೆಯ ಹಾದಿ

ಅಮೆರಿಕದ ರಾಜಧಾನಿ ವಾಷಿಂಗ್ಟನ್ನಿನ ಜಾರ್ಜ್‌ಟೌನಿನಿಂದ ಹೊರಟು, ಪೊಟೋಮ್ಯಾಕ್ ನದಿಯ ಎಡದಂಡೆಯನ್ನು ಬಿಡದೆ ಅನುಸರಿಸಿ, ಅಪಲೇಚಿಯನ್ ಗಿರಿಶ್ರೇಣಿಯ ಕಾನನಗಳ ನಡುವೆ ಸುಮಾರು 297 ಕಿಲೋಮೀಟರು ಸಾಗಿ ಕಂಬರ್‌ಲ್ಯಾಂಡ್ ಪಟ್ಟಣವನ್ನು ಮುಟ್ಟುವ ಜಲ್ಲಿಹಾದಿಯಲ್ಲಿ ಸೈಕಲ್ ಸವಾರರು ಇಂದು ಏದುಸಿರಿಲ್ಲದೆ ಸಂಚರಿಸುವುದಕ್ಕೆ ಕಾರಣ, ಅದು ಕಾಲುವೆಯ ದೋಣಿಗಳನ್ನು ಹಗ್ಗ ಕಟ್ಟಿ ಎಳೆಯುತ್ತಿದ್ದ ಹೇಸರಗತ್ತೆಗಳಿಗಾಗಿ ಸಮತಲವಾಗಿ ನಿರ್ಮಿತವಾದುದೇ ಆಗಿದೆ.

1828ರ ಜುಲೈ 4ರಂದು ಅಧ್ಯಕ್ಷ ಜಾನ್ ಕ್ವಿನ್ಸಿ ಆಡಮ್ಸ್ ಈ ಚೆಸಪೀಕ್–ಒಹಾಯೊ ಕಾಲುವೆಗೆ ಗುದ್ದಲಿಪೂಜೆ ಮಾಡಿದರು. ಅದೇ ದಿನ ಬಾಲ್ಟಿಮೋರಿನಲ್ಲಿ ಪ್ರತಿಸ್ಪರ್ಧಿ ರೈಲುಮಾರ್ಗಕ್ಕೂ ಶಂಕುಸ್ಥಾಪನೆಯಾಯಿತು. ರೈಲು 1842ರಲ್ಲಿ ಕಂಬರ್‌ಲ್ಯಾಂಡನ್ನು ಸೇರಿತು, ಕಾಲುವೆ 1850ರಲ್ಲಿ. ಒಹಾಯೊ ನದಿಯನ್ನಂತೂ ಅದು ಎಂದೂ ಕಾಣಲಿಲ್ಲ.

ನನ್ನ ಮನಸ್ಸು ಹೆಚ್ಚು ಹೊತ್ತು ತಂಗುವುದು ಈ ಕಾಲುವೆಯ ಪಾ ಪಾ ಸುರಂಗದಲ್ಲಿ. 1836ರಲ್ಲಿ ಆರಂಭವಾಗಿ, ದ್ರವ್ಯಾಭಾವದಿಂದ ನಡುವೆ ನಿಂತು, ಕೂಲಿ ಸಲ್ಲದ ವಲಸೆಗಾರ ಶ್ರಮಿಕರ ಕ್ಷೋಭೆಗೆ ಸಾಕ್ಷಿಯಾಗಿ, ಸುಮಾರು 950 ಮೀಟರು ಬಂಡೆಯನ್ನು ಕೊರೆದು ಮುಗಿಸಲು ಹದಿನಾಲ್ಕು ವರ್ಷ ಹಿಡಿದ ಆ ಇಟ್ಟಿಗೆಯ ಕಮಾನಿನೊಳಗೆ, ಸವಾರನು ಸೈಕಲ್ಲಿನಿಂದಿಳಿದು ದೀಪ ಹಿಡಿದು ನಡೆಯುವಾಗ, ಮರದ ಕಟಕಟೆಯಲ್ಲಿ ದೋಣಿಯ ಹಗ್ಗಗಳು ಉಜ್ಜಿ ಕೊರೆದ ಗೀರುಗಳು ಬೆರಳಿಗೆ ತಾಗುತ್ತವೆ. ಆ ದುಡಿಮೆಗೆ ಇದಕ್ಕಿಂತ ಪ್ರಾಮಾಣಿಕವಾದ ಶಾಸನ ಬೇರೆಯಿಲ್ಲ.

1924ರ ಪ್ರವಾಹಾನಂತರ ಕಾಲುವೆ ಮುಚ್ಚಿತು. ಪಾಳುಬಿದ್ದ ಹಾದಿಯ ಮೇಲೆ ಮೋಟಾರು ರಸ್ತೆ ಹಾಕುವ ಯೋಜನೆ ಹುಟ್ಟಿದಾಗ, ಸರ್ವೋಚ್ಚ ನ್ಯಾಯಾಲಯದ ನ್ಯಾಯಮೂರ್ತಿ ವಿಲಿಯಂ ಡಗ್ಲಾಸ್ ಅದನ್ನು ಬೆಂಬಲಿಸಿದ ಪತ್ರಿಕೆಯ ಸಂಪಾದಕರನ್ನೇ ಆಹ್ವಾನಿಸಿ, 1954ರ ಮಾರ್ಚಿನಲ್ಲಿ ಕಂಬರ್‌ಲ್ಯಾಂಡಿನಿಂದ ಕಾಲ್ನಡಿಗೆಯಲ್ಲಿ ಹೊರಟರು. ಪೂರ್ತಿ ನಡೆದವರು ಒಂಬತ್ತೇ ಮಂದಿ; ಆದರೂ ರಸ್ತೆ ಬರಲಿಲ್ಲ, 1971ರಲ್ಲಿ ಇಡೀ ಹಾದಿ ರಾಷ್ಟ್ರೀಯ ಐತಿಹಾಸಿಕ ಉದ್ಯಾನವಾಯಿತು.