ಭೈಷಜ್ಯದಾನದಿಂದ ಕಿದ್ವಾಯಿವರೆಗೆ: ನಮ್ಮ ಸೀಮೆಯ ಕ್ಯಾನ್ಸರ್ ಚಿಕಿತ್ಸೆಯ ಕಥೆ

ಶ್ರವಣಬೆಳಗೊಳದ ಚಿಕ್ಕಬೆಟ್ಟದ ಉತ್ತರಕ್ಕೆ, ಬೆಟ್ಟದ ಮಗ್ಗುಲಿಗೆ ಅಂಟಿಕೊಂಡಂತೆ ಇರುವ ಊರು ಜಿನನಾಥಪುರ. ಹೊಯ್ಸಳ ವಿಷ್ಣುವರ್ಧನನ ದಂಡನಾಯಕನಾಗಿದ್ದ ಗಂಗರಾಜನು ಹನ್ನೆರಡನೆಯ ಶತಮಾನದ ಆರಂಭದಲ್ಲಿ ಇದನ್ನು ನೆಲೆಗೊಳಿಸಿದನೆಂದು ಇತಿಹಾಸಕಾರರು ಹೇಳುತ್ತಾರೆ. ಸುಮಾರು 1200ರಲ್ಲಿ ರೇಚಿಮಯ್ಯನು ಕಟ್ಟಿಸಿದ ಶಾಂತಿನಾಥ ಬಸದಿಯ ಹೊರಗೋಡೆಯ ಶಿಲ್ಪಗಳನ್ನು ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಹಲವರು ನೋಡಿಯೇ ಇರುತ್ತಾರೆ. ಈ ಸೀಮೆಯ ಶಾಸನಗಳು ದಾನಿಗಳನ್ನು ಕೊಂಡಾಡುವಾಗ ನಾಲ್ಕು ದಾನಗಳನ್ನು ಹೇಳುತ್ತವೆ: ಆಹಾರ, ಅಭಯ, ಭೈಷಜ್ಯ, ಶಾಸ್ತ್ರ. ಭೈಷಜ್ಯವೆಂದರೆ ಔಷಧ. ಹಸಿದವನಿಗೆ ಅನ್ನ, ಅಂಜಿದವನಿಗೆ ಧೈರ್ಯ, ಕಲಿಯುವವನಿಗೆ ವಿದ್ಯೆ ಕೊಟ್ಟಷ್ಟೇ ರೋಗಿಗೆ ಮದ್ದು ಕೊಡುವುದೂ ಹಿರಿದೆಂದು ನಮ್ಮ ಪೂರ್ವಿಕರು ಬಗೆದಿದ್ದರು.

ಆ ಭೈಷಜ್ಯದಾನ ನಮ್ಮ ಕಾಲದಲ್ಲಿ, ಕ್ಯಾನ್ಸರಿನಂಥ ದೊಡ್ಡ ರೋಗದ ವಿಷಯದಲ್ಲಿ, ನಮ್ಮ ಹಳ್ಳಿಗಳಿಗೆ ಹೇಗೆ ತಲುಪಿತು, ಎಷ್ಟು ತಲುಪಿತು ಎಂಬುದನ್ನು ಇಲ್ಲಿ ಬರೆಯಬೇಕೆಂದು ತೋರಿತು. ನನ್ನ ಮಟ್ಟಿಗೆ ಅದು ಯಂತ್ರಗಳ ಚರಿತ್ರೆಗಿಂತ ಹೆಚ್ಚಾಗಿ ದಾರಿಯ ಚರಿತ್ರೆ. ರೋಗಿಯ ಮನೆಗೂ ಚಿಕಿತ್ಸೆಗೂ ನಡುವಣ ದಾರಿ ಎಷ್ಟು ಉದ್ದವೋ ರೋಗ ಬಲಿಯಲು ಅಷ್ಟು ಅವಕಾಶ.

ಈ ರೋಗ ಹೊಸದೇನಲ್ಲ. ಸುಶ್ರುತ ಸಂಹಿತೆಯಲ್ಲಿ ‘ಅರ್ಬುದ’ವೆಂಬ ಗಡ್ಡೆಗಳ ವರ್ಣನೆಯಿದೆ. ಆದರೆ ನಮ್ಮ ಹಳ್ಳಿಗಳಲ್ಲಿ ಅದನ್ನು ಹೆಸರಿಟ್ಟು ಕರೆಯುವವರೇ ಇರಲಿಲ್ಲ. ‘ವಾಸಿಯಾಗದ ಹುಣ್ಣು’, ‘ಒಳಗಡ್ಡೆ’, ತೀರ ಪಿಸುಮಾತಿನಲ್ಲಿ ‘ಆ ಕಾಯಿಲೆ’ ಎಂದಷ್ಟೇ ಹೇಳುತ್ತಿದ್ದರು. ನಾನು ಮೇಷ್ಟ್ರಾಗಿ ಸೇರಿದ ಹೊಸದರಲ್ಲಿ ಮಕ್ಕಳು ವಾರಗಟ್ಟಲೆ ಶಾಲೆಗೆ ಬಾರದಿದ್ದರೆ ಮನೆಗೆ ಹೋಗಿ ವಿಚಾರಿಸುವ ರೂಢಿಯಿತ್ತು. ಹಾಗೆ ಹೋದಾಗ ಒಂದೆರಡು ಮನೆಗಳಲ್ಲಿ ತಾಯಿ ನಡುಮನೆಯ ಕತ್ತಲಲ್ಲಿ ಮಲಗಿರುತ್ತಿದ್ದಳು. ‘ದೊಡ್ಡಾಸ್ಪತ್ರೆಗೆ ತೋರಿಸಿದ್ದೀರಾ?’ ಎಂದರೆ, ‘ಬೆಂಗಳೂರಿಗೆ ಬರೆದುಕೊಟ್ಟವ್ರೆ ಮೇಷ್ಟ್ರೇ, ಅಷ್ಟು ದೂರ ಹೋಗಿ ಇರೋರು ಯಾರು, ದನಕರ ನೋಡೋರು ಯಾರು’ ಎಂಬ ಉತ್ತರ ಬರುತ್ತಿತ್ತು. ಆ ಮಾತಿನಲ್ಲಿ ಅಜ್ಞಾನಕ್ಕಿಂತ ಲೆಕ್ಕಾಚಾರವೇ ಹೆಚ್ಚಾಗಿತ್ತು.

ಬೆಂಗಳೂರಿಗೆ ಬರೆದುಕೊಡುವುದೆಂದರೆ ಬಹುಮಟ್ಟಿಗೆ ಕಿದ್ವಾಯಿ ಆಸ್ಪತ್ರೆಗೆ ಎಂದೇ ಅರ್ಥ. ಅದರ ಹುಟ್ಟಿನ ಕಥೆ ತಿಳಿಯತಕ್ಕದ್ದು. ಸ್ವತಂತ್ರ ಭಾರತದ ಮೊದಲ ಮಂತ್ರಿಮಂಡಲದಲ್ಲಿ ಸಂಪರ್ಕ ಖಾತೆಯನ್ನು ವಹಿಸಿದ್ದ ರಫಿ ಅಹಮದ್ ಕಿದ್ವಾಯಿಯವರು ವಿಕಿರಣ ಚಿಕಿತ್ಸೆಯ ಯಂತ್ರಕ್ಕೆಂದು ತಮ್ಮ ವಿವೇಚನಾ ನಿಧಿಯಿಂದ 1 ಲಕ್ಷ ರೂಪಾಯಿ ಕೊಟ್ಟಿದ್ದರು. ರಾಜ್ಯ ಸರ್ಕಾರ 20 ಎಕರೆ ಜಾಗವನ್ನು ನೀಡಿತು. 1973ರ ಜೂನ್ 26ರಂದು ಸಂಸ್ಥೆ ವಿಧ್ಯುಕ್ತವಾಗಿ ಆರಂಭವಾಯಿತು. ನಮ್ಮ ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದದ್ದು ಅದೇ ವರ್ಷದ ನವೆಂಬರ್ 1ರಂದು. ಅಂದರೆ ಈ ಆಸ್ಪತ್ರೆ ರಾಜ್ಯದ ಹೆಸರಿಗಿಂತ ನಾಲ್ಕು ತಿಂಗಳು ಹಿರಿಯದು. 1980ರ ಜನವರಿಯಲ್ಲಿ ಅದು ಸ್ವಾಯತ್ತ ಸಂಸ್ಥೆಯಾಯಿತು. ಅದೇ ವರ್ಷದ ನವೆಂಬರ್ 1ರಂದು ಕೇಂದ್ರ ಸರ್ಕಾರ ಅದನ್ನು ಪ್ರಾದೇಶಿಕ ಕ್ಯಾನ್ಸರ್ ಕೇಂದ್ರವೆಂದು ಮಾನ್ಯ ಮಾಡಿತು. ದೇಶದಲ್ಲಿ ಇದಕ್ಕೂ ಮೊದಲು ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆ 1941ರಲ್ಲಿಯೂ, ಡಾ. ಮುತ್ತುಲಕ್ಷ್ಮಿ ರೆಡ್ಡಿಯವರ ಛಲದಿಂದ ಮದರಾಸಿನ ಅಡ್ಯಾರಿನ ಸಂಸ್ಥೆ 1954ರಲ್ಲಿಯೂ ತೆರೆದಿದ್ದವು.

ಕಿದ್ವಾಯಿ ಮಾಡಿದ ಮತ್ತೊಂದು ಕೆಲಸ ಹೊರಗಿನವರ ಕಣ್ಣಿಗೆ ಬೀಳುವುದಿಲ್ಲ. 1982ರಿಂದ ಅಲ್ಲಿ ಬೆಂಗಳೂರಿನ ಕ್ಯಾನ್ಸರ್ ರೋಗಿಗಳ ನೋಂದಣಿ ವ್ಯವಸ್ಥಿತವಾಗಿ ನಡೆಯುತ್ತಿದೆ. ಯಾರಿಗೆ, ಯಾವ ಅಂಗಕ್ಕೆ, ಯಾವ ವಯಸ್ಸಿನಲ್ಲಿ ರೋಗ ಬರುತ್ತದೆಂಬುದನ್ನು ಊಹೆಯಿಂದಲ್ಲದೆ ಎಣಿಕೆಯಿಂದ ಹೇಳುವಂತಾದದ್ದು ಆಗಿನಿಂದ. ಮೊದಮೊದಲು ಹೆಂಗಸರಲ್ಲಿ ಗರ್ಭಕಂಠದ ಕ್ಯಾನ್ಸರ್ ಮುಂದಿತ್ತು. ಕಾಲ ಕಳೆದಂತೆ ಸ್ತನ ಕ್ಯಾನ್ಸರ್ ಅದನ್ನು ಮೀರಿತು. ಎರಡೂ ಬೇಗ ಕಂಡುಹಿಡಿದರೆ ಗುಣಪಡಿಸಬಹುದಾದ ರೋಗಗಳು. ಆದರೂ ಆಸ್ಪತ್ರೆಗೆ ಬರುವವರಲ್ಲಿ ಬಹುಪಾಲು ಜನ ರೋಗ ಬಲಿತ ಮೇಲೆಯೇ ಬರುತ್ತಾರೆ.

ಏಕೆ ಬಲಿಯುತ್ತದೆ? ಚಿಕಿತ್ಸೆಯ ಸ್ವರೂಪವನ್ನು ತಿಳಿದರೆ ಉತ್ತರ ಹೊಳೆಯುತ್ತದೆ. ನಮ್ಮ ಜನ ‘ಕರೆಂಟು ಕೊಡಿಸುವುದು’ ಎನ್ನುವ ವಿಕಿರಣ ಚಿಕಿತ್ಸೆಯಲ್ಲಿ ವಿದ್ಯುತ್ತನ್ನು ಮೈಗೆ ಹಾಯಿಸುವುದಿಲ್ಲ. ಕಣ್ಣಿಗೆ ಕಾಣದ, ಮೈಗೆ ತಾಗಿದ್ದೂ ತಿಳಿಯದ ಕಿರಣಗಳನ್ನು ಗಡ್ಡೆಯಿರುವ ಜಾಗಕ್ಕೆ ಗುರಿಯಿಡುತ್ತಾರೆ. ಒಂದು ದಿನದ ಸರದಿ ಕೆಲವೇ ನಿಮಿಷಗಳದು. ಆದರೆ ಸಾಮಾನ್ಯವಾಗಿ ವಾರಕ್ಕೆ ಐದು ದಿನದಂತೆ ಐದಾರು ವಾರ ಕೊಡಬೇಕಾಗುತ್ತದೆ. ಸುತ್ತಲಿನ ಆರೋಗ್ಯವಂತ ಕಣಗಳು ಚೇತರಿಸಿಕೊಳ್ಳಲು ಬಿಡುವು ಸಿಗಲೆಂದು ಹೀಗೆ ಹಂಚಿ ಕೊಡುವುದು. ವೈದ್ಯಕ್ಕೆ ಅದು ನ್ಯಾಯವೇ. ನಮ್ಮ ಸೀಮೆಯ ಒಕ್ಕಲಿಗೆ ಅದೇ ನಿಮಿಷಗಳು ಒಂದೂವರೆ ತಿಂಗಳ ಬೆಂಗಳೂರು ವಾಸವಾಗಿ, ಜೊತೆಗಿರುವ ಇನ್ನೊಬ್ಬರ ಕೂಲಿಯ ನಷ್ಟವಾಗಿ, ಎರಡು ಹೊತ್ತಿನ ಹೋಟೆಲ್ ಊಟವಾಗಿ ಪರಿಣಮಿಸುತ್ತವೆ. ಇನ್ಫೋಸಿಸ್ ಪ್ರತಿಷ್ಠಾನ ಕಿದ್ವಾಯಿಯ ಆವರಣದಲ್ಲಿ ಧರ್ಮಶಾಲೆಯನ್ನು ಕಟ್ಟಿಸಿಕೊಟ್ಟದ್ದರ ಮಹತ್ವ ಇದರಿಂದ ಅರ್ಥವಾಗುತ್ತದೆ. ತಲೆಯ ಮೇಲೊಂದು ಸೂರಿಲ್ಲದೆ ಅಲ್ಲಿ ಚಿಕಿತ್ಸೆಯೂ ಪೂರ್ಣವಾಗುವುದಿಲ್ಲ. ಅಭಯದಾನವೂ ಭೈಷಜ್ಯದಾನವೂ ಕೈ ಹಿಡಿದೇ ನಡೆಯಬೇಕು.

ಹೀಗಾಗಿ ಚಿಕಿತ್ಸೆಯನ್ನೇ ಜಿಲ್ಲೆಗಳತ್ತ ಸರಿಸುವ ಪ್ರಯತ್ನ ಆರಂಭವಾಯಿತು. ಕಿದ್ವಾಯಿಯ ಬಾಹ್ಯ ಕೇಂದ್ರಗಳು ಕಲಬುರಗಿಯಲ್ಲಿಯೂ ನಮ್ಮ ನೆರೆಯ ಮಂಡ್ಯದಲ್ಲಿಯೂ ಬಂದವು. ಹಾಸನದಲ್ಲಿ 2006ರಲ್ಲಿ ಸರ್ಕಾರಿ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ ಸ್ಥಾಪನೆಯಾಯಿತು. 2017ರ ಮಾರ್ಚ್‌ನಲ್ಲಿ ಬೆಳಗೊಳದ ಮಾರ್ಗವಾಗಿ ಹಾಸನ–ಬೆಂಗಳೂರು ನೇರ ರೈಲು ಓಡತೊಡಗಿತು. ಮರುವರ್ಷ ಮಹಾಮಸ್ತಕಾಭಿಷೇಕದ ಸಂದರ್ಭದಲ್ಲಿ, ಫೆಬ್ರವರಿ 19ರಂದು, ಶ್ರೀಮಠ ಕಟ್ಟಿಸಿದ ಬಾಹುಬಲಿ ಆಸ್ಪತ್ರೆಯನ್ನು ಪ್ರಧಾನಮಂತ್ರಿಗಳು ಉದ್ಘಾಟಿಸಿದರು. ಇವೆಲ್ಲವೂ ಕ್ಯಾನ್ಸರಿಗೆಂದೇ ಆದವಲ್ಲ. ಆದರೆ ಒಂದೊಂದೂ ದಾರಿಯನ್ನು ಒಂದಿಷ್ಟು ಗಿಡ್ಡಮಾಡಿದೆ.

ಹಾಸನದಲ್ಲಿ ವೈದ್ಯಕೀಯ ಕಾಲೇಜು ಬಂದದ್ದರ ಲಾಭವನ್ನು ಬಿಡಿಸಿ ಹೇಳಬೇಕು. ಕ್ಯಾನ್ಸರ್ ಹೌದೋ ಅಲ್ಲವೋ ಎಂಬುದನ್ನು ನಿಶ್ಚಯಿಸುವುದು ಬಯಾಪ್ಸಿ. ಅನುಮಾನದ ಜಾಗದಿಂದ ಚೂರು ಮಾಂಸವನ್ನು ತೆಗೆದು, ಫಾರ್ಮಲಿನ್ನಿನಲ್ಲಿ ಕೆಡದಂತಿಟ್ಟು, ಮೇಣದಲ್ಲಿ ಕೂರಿಸಿ, ಕೂದಲಿಗಿಂತ ತೆಳುವಾಗಿ ಸೀಳಿ, ಬಣ್ಣ ಹಚ್ಚಿ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ನೋಡಿ ಹೇಳುವವರು ರೋಗಶಾಸ್ತ್ರಜ್ಞರು. ಅಂಥವರು ಜಿಲ್ಲೆಯಲ್ಲೇ ಇದ್ದರೆ ಆ ಒಂದು ಕಾಗದಕ್ಕಾಗಿ ಬೆಂಗಳೂರಿಗೆ ಅಲೆಯಬೇಕಾಗಿಲ್ಲ. ‘ಕತ್ತರಿ ತಾಗಿದರೆ ರೋಗ ಹರಡುತ್ತದೆ’ ಎಂಬ ಮಾತು ನಮ್ಮಲ್ಲಿ ಇನ್ನೂ ಉಳಿದಿದೆ. ಅದು ನಿಜವಲ್ಲ. ಆ ಭಯದಿಂದ ತಡಮಾಡಿದ ತಿಂಗಳುಗಳಲ್ಲಿ ರೋಗ ತಾನಾಗಿಯೇ ಹರಡಿರುತ್ತದೆ.

ವಿಕಿರಣ ಯಂತ್ರವನ್ನು ಎಲ್ಲ ಊರುಗಳಲ್ಲೂ ಇಡಲಾಗದು. ಅದಕ್ಕೆ ದಪ್ಪ ಕಾಂಕ್ರೀಟಿನ ಕೋಣೆ, ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಪರವಾನಗಿ, ಕಿರಣದ ಪ್ರಮಾಣವನ್ನು ಲೆಕ್ಕಹಾಕುವ ಭೌತವಿಜ್ಞಾನಿ, ಎಲ್ಲವೂ ಬೇಕು. ಆದರೆ ಕಿಮೋಥೆರಪಿಯ ಮಾತು ಬೇರೆ. ಮೊದಲ ಯೋಜನೆಯನ್ನು ತಜ್ಞರು ದೊಡ್ಡ ಆಸ್ಪತ್ರೆಯಲ್ಲಿ ಹಾಕಿಕೊಟ್ಟರೆ ಮುಂದಿನ ಸರದಿಗಳಲ್ಲಿ ಹಲವನ್ನು, ತರಬೇತಾದ ವೈದ್ಯರೂ ದಾದಿಯರೂ ಇದ್ದಲ್ಲಿ, ಜಿಲ್ಲಾ ಆಸ್ಪತ್ರೆಯಲ್ಲೇ ಕೊಡಬಹುದು. ರೋಗಿ ಬೆಳಿಗ್ಗೆ ಬಂದು ಸಂಜೆ ಮನೆ ಸೇರಬಹುದು. 2025ರ ಕೇಂದ್ರ ಆಯವ್ಯಯದಲ್ಲಿ ಮೂರು ವರ್ಷಗಳೊಳಗೆ ಎಲ್ಲ ಜಿಲ್ಲಾ ಆಸ್ಪತ್ರೆಗಳಲ್ಲೂ ಇಂಥ ಹಗಲು ಚಿಕಿತ್ಸಾ ಕೇಂದ್ರಗಳನ್ನು ತೆರೆಯುವುದಾಗಿ ಘೋಷಿಸಿದರು. ಅದೇ ವರ್ಷ ನಮ್ಮ ರಾಜ್ಯ ಸರ್ಕಾರವೂ 16 ಜಿಲ್ಲೆಗಳಲ್ಲಿ ಹಗಲು ಕಿಮೋಥೆರಪಿ ಕೇಂದ್ರಗಳಿಗೆ ಚಾಲನೆ ನೀಡಿತು. ಖರ್ಚಿನ ವಿಷಯದಲ್ಲೂ, 2018ರಲ್ಲಿ ಬಂದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆ ಬಡವರ ಮನೆಗೆ ಒಂದು ಆಸರೆಯಾಗಿದೆ.

ಇಷ್ಟಾದರೂ ಒಂದು ಮಾತನ್ನು ಹೇಳದೆ ಇರಲಾರೆ. ಆಸ್ಪತ್ರೆಯ ವಿಸ್ತರಣೆಯೆಂದರೆ ಕಟ್ಟಡವೆಂದೂ ಯಂತ್ರವೆಂದೂ ನಾವು ತಿಳಿಯುತ್ತೇವೆ. ಶಂಕುಸ್ಥಾಪನೆಗೆ ಕಲ್ಲು ಬೇಕಲ್ಲ! ಆದರೆ ವಿಸ್ತರಣೆ ಮೊದಲಾಗಬೇಕಾದದ್ದು ಇನ್ನೊಂದು ತುದಿಯಿಂದ, ಎಂದರೆ ಪ್ರಾಥಮಿಕ ಆರೋಗ್ಯ ಕೇಂದ್ರದಿಂದ. ಬಾಯೊಳಗಿನ ಬಿಳಿಯ ಮಚ್ಚೆಯನ್ನು ನೋಡಲು ಒಂದು ಟಾರ್ಚು ಸಾಕು. ಗರ್ಭಕಂಠವನ್ನು ಪರೀಕ್ಷಿಸಲು ನೀರುಬೆರೆತ ಅಸಿಟಿಕ್ ಆಮ್ಲವೂ ತರಬೇತಾದ ದಾದಿಯೂ ಸಾಕು. ದೋಷವಿದ್ದ ಕಡೆ ಬೆಳ್ಳಗಾಗಿ ಕಾಣುತ್ತದೆ. ಮೂವತ್ತು ದಾಟಿದವರಿಗೆ ಬಾಯಿ, ಸ್ತನ, ಗರ್ಭಕಂಠದ ತಪಾಸಣೆ ನಡೆಸಬೇಕೆಂಬುದು ರಾಷ್ಟ್ರೀಯ ಕಾರ್ಯಕ್ರಮದಲ್ಲೇ ಇದೆ.

ನಮ್ಮ ಜಿಲ್ಲೆಗೆ ಇದು ಇನ್ನೂ ಹೆಚ್ಚಾಗಿ ಅನ್ವಯಿಸುತ್ತದೆ. ಅರಕಲಗೂಡು ತಾಲ್ಲೂಕಿನ ರಾಮನಾಥಪುರದಲ್ಲಿ ತಂಬಾಕು ಮಂಡಳಿಯ ಹರಾಜು ಮಾರುಕಟ್ಟೆಯಿದೆ. ಆ ಭಾಗದ ಎಷ್ಟೋ ಮನೆಗಳಲ್ಲಿ ಮಕ್ಕಳ ಶಾಲೆಯ ಖರ್ಚು ಹುಟ್ಟಿದ್ದು ಆ ಬೆಳೆಯಿಂದಲೇ. ಬೆಳೆಗಾರನನ್ನು ಜರೆದು ಫಲವಿಲ್ಲ. ಅವನಿಗೆ ಅಷ್ಟೇ ದುಡ್ಡು ತರುವ ಬೇರೆ ಬೆಳೆ ಬೇಕು. ಆದರೆ ಎಲೆಯಡಿಕೆಯ ಜೊತೆ ಹೊಗೆಸೊಪ್ಪನ್ನು ದವಡೆಯಲ್ಲಿ ಒತ್ತರಿಸಿಡುವ ಅಭ್ಯಾಸವನ್ನು ಬಿಡಲು ಬೆಲೆ ತೆರಬೇಕಾಗಿಲ್ಲ.

ವೈದ್ಯೆಯೂ ಕಾದಂಬರಿಕಾರ್ತಿಯೂ ಆಗಿದ್ದ ಅನುಪಮಾ ನಿರಂಜನರು ಕ್ಯಾನ್ಸರಿನೊಡನೆ ವರ್ಷಗಟ್ಟಲೆ ಹೋರಾಡಿ 1991ರಲ್ಲಿ ತೀರಿಕೊಂಡರು. ಹೆಂಗಸರು ತಮ್ಮ ದೇಹದ ವಿಷಯವನ್ನು ಸಂಕೋಚವಿಲ್ಲದೆ ತಿಳಿಯಬೇಕೆಂದು ತಿಳಿಗನ್ನಡದಲ್ಲಿ ಪುಸ್ತಕಗಳನ್ನು ಬರೆದವರು ಅವರು. ಅದನ್ನು ನಾನು ಶಾಸ್ತ್ರದಾನವೆನ್ನುತ್ತೇನೆ. ನಾಲ್ಕು ದಾನಗಳಲ್ಲಿ ನಮ್ಮಂಥ ಮೇಷ್ಟ್ರುಗಳ ಕೈಲಾಗುವುದು ಅದೊಂದೇ.

ಆದುದರಿಂದ, ನನ್ನ ಹಳೆಯ ವಿದ್ಯಾರ್ಥಿಗಳೇ, ಬಂಧುಗಳೇ, ನಿಮ್ಮಲ್ಲಿ ಕೆಲವರು ಇಂದು ಬೆಂಗಳೂರಿನಲ್ಲಿದ್ದೀರಿ, ಕೆಲವರು ಸಮುದ್ರದಾಚೆ ಇದ್ದೀರಿ. ಮುಂದಿನ ಹಬ್ಬಕ್ಕೆ ಊರಿಗೆ ಬಂದಾಗ ಅಮ್ಮನಿಗೆ ಸೀರೆ ತರುವುದರ ಜೊತೆಗೆ ಅವರನ್ನು ಒಂದು ಬೆಳಿಗ್ಗೆ ಆರೋಗ್ಯ ಕೇಂದ್ರಕ್ಕೆ ಕರೆದೊಯ್ಯಿರಿ. ಮೂರು ವಾರಕ್ಕೂ ಮಾಯದ ಬಾಯಿಹುಣ್ಣು, ಎದೆಯಲ್ಲಿ ನೋವಿಲ್ಲದ ಗಂಟು, ಮುಟ್ಟು ನಿಂತ ಮೇಲೆ ಕಾಣುವ ರಕ್ತ, ಇವುಗಳಲ್ಲಿ ಯಾವುದಿದ್ದರೂ ಹಬ್ಬ ಕಳೆಯಲೆಂದು ಕಾಯಬೇಡಿ. ನೋವಿಲ್ಲವೆಂದು ಅವರು ಹೇಳಿಯೇ ಹೇಳುತ್ತಾರೆ. ನೋವಿಲ್ಲದಾಗಲೇ ತೋರಿಸಬೇಕಾದ ಕಾಯಿಲೆ ಅದು.