ಕದಲದೆ ನಡೆದ ಚಳವಳಿ

ಇಂಗ್ಲಿಷಿನ ‘ಮೂವ್’ ಎಂಬ ಕ್ರಿಯಾಪದ ನೋಡಲು ಚಿಕ್ಕದು. ಅದರ ಸಂಸಾರ ಮಾತ್ರ ದೊಡ್ಡದು. ಕುರ್ಚಿಯನ್ನು ಸರಿಸಿದರೂ ಅದೇ, ಕಥೆ ಕೇಳಿ ಮನಸ್ಸು ಕರಗಿದರೂ ಅದೇ, ಸಭೆಯಲ್ಲಿ ಠರಾವು ತಂದರೂ ಅದೇ. ಲ್ಯಾಟಿನ್ನಿನ ‘ಮೊವೆರೆ’ ಇದರ ಮೂಲಪುರುಷ. ನಮ್ಮ ಬೀದಿಯ ಮೋಟಾರು ಕೂಡ ಅದೇ ವಂಶದ ಕುಡಿ. ಕನ್ನಡವಾದರೋ ಇಷ್ಟು ಕೆಲಸವನ್ನು ಒಬ್ಬನೇ ಆಳಿಗೆ ಹೊರಿಸಿಲ್ಲ.

ಮಂಡ್ಯ, ಮದ್ದೂರು, ಮಳವಳ್ಳಿಗಳ ಸೀಮೆಯಲ್ಲಿ ಒಂದು ದಿನ ಕಿವಿತೆರೆದು ನಡೆದರೆ ಇದು ಗೊತ್ತಾಗುತ್ತದೆ. ದಾರಿಗೆ ಅಡ್ಡ ನಿಂತವನಿಗೆ ‘ಅತ್ಲಾಗೆ ಸರಿ’ ಎನ್ನುತ್ತಾರೆ. ಗಾಡಿಯನ್ನು ‘ಹೊಡೆಯುತ್ತಾರೆ’. ಮೊಂಡು ಎತ್ತು ಜಪ್ಪಯ್ಯ ಎಂದರೂ ‘ಕದಲದು’. ಹಿಂದೆ ಇರ್ವಿನ್ ನಾಲೆ ಎನಿಸಿಕೊಂಡಿದ್ದ ವಿಶ್ವೇಶ್ವರಯ್ಯ ನಾಲೆಯ ನೀರನ್ನು ಗದ್ದೆಗೆ ಬಿಡುವುದಕ್ಕೆ ರೈತ ‘ನೀರು ಕಟ್ಟುವುದು’ ಎನ್ನುತ್ತಾನೆ. ಹರಿಸುವುದಕ್ಕೆ ಕಟ್ಟುವುದೆಂದು ಹೆಸರು! ಪಟ್ಟಣಿಗರಿಗೆ ಇದು ವಿಚಿತ್ರವಾಗಿ ಕಂಡೀತು. ಆದರೆ ಒಂದು ಕಡೆ ಮಣ್ಣು ಕಟ್ಟಿದಲ್ಲದೆ ನೀರು ಇನ್ನೊಂದು ಕಡೆಗೆ ತಿರುಗದೆಂಬುದು ಗುದ್ದಲಿ ಹಿಡಿದವನಿಗೆ ಗೊತ್ತು.

ಠರಾವಿನ ವಿಷಯ ಇನ್ನೂ ಸೊಗಸು. ಇಂಗ್ಲಿಷಿನವನು ಅದನ್ನು ಚಲಿಸುವಂತೆ ಮಾಡುತ್ತಾನೆ, ನಾವು ‘ಮಂಡಿಸುತ್ತೇವೆ’. ಹಳೆಯ ಕಾವ್ಯಗಳಲ್ಲಿ ‘ಮಂಡಿಸು’ ಎಂದರೆ ಕುಳಿತುಕೊಳ್ಳುವುದು. ಅರಸರು ಸಿಂಹಾಸನದಲ್ಲಿ ಮಂಡಿಸುತ್ತಿದ್ದರು. 1881ರಲ್ಲಿ ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ ಆರಂಭವಾದ ಮೈಸೂರು ಪ್ರಜಾಪ್ರತಿನಿಧಿ ಸಭೆಯಲ್ಲಿ ಪ್ರಜೆಗಳ ಅಹವಾಲುಗಳು ವರ್ಷ ವರ್ಷವೂ ಮಂಡಿತವಾಗುತ್ತಿದ್ದವು. ಸಭೆಗೆ ಹೇಳಿಕೊಳ್ಳುವ ಹಕ್ಕಿತ್ತು, ಸರ್ಕಾರವನ್ನು ಬದಲಿಸುವ ಹಕ್ಕಿರಲಿಲ್ಲ. ಎಷ್ಟೋ ಅಹವಾಲುಗಳು ಪದದ ಹಳೆಯ ಅರ್ಥದಂತೆ ಕುಳಿತೇಬಿಟ್ಟವು ಎಂದರೆ ಅತಿಶಯೋಕ್ತಿಯಲ್ಲ.

ಕುಳಿತುದನ್ನು ಎಬ್ಬಿಸಲು ಬೇರೊಂದು ಮಾತು ಬೇಕಾಯಿತು. ಅದೇ ‘ಚಳವಳಿ’. ‘ಚಲ’ ಧಾತುವಿನ ನಂಟಿನ ಪದ. ಮರಾಠಿಯ ‘ಚಳವಳ’ ಇದರ ಒಡಹುಟ್ಟು. ನಮ್ಮ ಸೀಮೆಯಲ್ಲಿ ಈ ಮಾತಿಗೆ ಮೈಬಂದದ್ದು ಮದ್ದೂರಿನ ಮಗ್ಗುಲಲ್ಲಿರುವ ಶಿವಪುರದಲ್ಲಿ.

1938ರ ಏಪ್ರಿಲ್ ತಿಂಗಳು. ಮಂಡ್ಯ ಆಗಿನ್ನೂ ಜಿಲ್ಲೆಯಾಗಿರಲಿಲ್ಲ. ಮೈಸೂರು ಜಿಲ್ಲೆಗೇ ಸೇರಿತ್ತು. ಮೈಸೂರು ಕಾಂಗ್ರೆಸ್ಸಿನ ಮೊದಲ ಅಧಿವೇಶನ ಶಿವಪುರದಲ್ಲಿ ಸೇರಿತು. ಟಿ. ಸಿದ್ದಲಿಂಗಯ್ಯನವರು ಅಧ್ಯಕ್ಷರು, ಸ್ಥಳೀಯ ಮುಂದಾಳುಗಳಲ್ಲಿ ಹೆಚ್.ಕೆ. ವೀರಣ್ಣಗೌಡರು ಒಬ್ಬರು. ದಿವಾನ್ ಮಿರ್ಜಾ ಇಸ್ಮಾಯಿಲರ ಸರ್ಕಾರ ಕಾಂಗ್ರೆಸ್ ಧ್ವಜ ಹಾರಿಸಕೂಡದೆಂದು ನಿಷೇಧಾಜ್ಞೆ ಹೊರಡಿಸಿತ್ತು. ಆಜ್ಞೆಯಿದ್ದೂ ಸುತ್ತಲ ಹಳ್ಳಿಗಳ ಜನ ಸಾವಿರಾರು ಸಂಖ್ಯೆಯಲ್ಲಿ ನೆರೆದರು. ಧ್ವಜವೇರಿತು, ಸಿದ್ದಲಿಂಗಯ್ಯನವರ ದಸ್ತಗಿರಿಯಾಯಿತು, ಇತರ ಮುಖಂಡರೂ ಸೆರೆಯಾದರು.

ಇಲ್ಲಿ ಪದಕ್ಕೂ ಕೆಲಸಕ್ಕೂ ಇರುವ ವಿನೋದ ಸಂಬಂಧವನ್ನು ವಾಚಕರು ಗಮನಿಸಬೇಕು. ಹೆಸರು ಚಳವಳಿ; ಕೆಲಸ, ಕದಲದೆ ನಿಲ್ಲುವುದು. ಕಲ್ಲೆಸೆಯಲಿಲ್ಲ, ಕಚೇರಿಗೆ ನುಗ್ಗಲಿಲ್ಲ. ಒಂದು ಕಂಬದ ಬಳಿ ನಿಂತರು. ಗದ್ದೆಯಲ್ಲಿ ಕಟ್ಟಿ ಹರಿಸಲು ಕಲಿತ ಜನಕ್ಕೆ ಇದೇನೂ ಹೊಸ ಪಾಠವಾಗಿರಲಿಲ್ಲವೇನೋ!

ಆದರೆ ಆ ತಿಂಗಳು ವಿನೋದದಲ್ಲಿ ಮುಗಿಯಲಿಲ್ಲ. ಏಪ್ರಿಲ್ 25ರಂದು ಕೋಲಾರ ಜಿಲ್ಲೆಯಲ್ಲಿದ್ದ ವಿದುರಾಶ್ವತ್ಥದಲ್ಲಿ ಇದೇ ಧ್ವಜಕ್ಕಾಗಿ ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು, ಅನೇಕರು ಸತ್ತರು. ನಾಡಿನ ಕರುಳು ಚುರ್ರೆಂದಿತು. ಇದಕ್ಕೂ ಇಂಗ್ಲಿಷಿನವನಿಗೆ ಆ ಒಂದೇ ಪದ. ನಮಗೆ ಅದು ಸಾಲದು. ವಲ್ಲಭಭಾಯಿ ಪಟೇಲರೂ ಆಚಾರ್ಯ ಕೃಪಲಾನಿಯವರೂ ಮೈಸೂರು ಸಂಸ್ಥಾನಕ್ಕೆ ಬಂದರು. ಮಿರ್ಜಾ ಅವರೊಡನೆ ಒಪ್ಪಂದವಾಗಿ, ಸಂಸ್ಥಾನದ ಧ್ವಜದ ಜೊತೆಗೆ ಕಾಂಗ್ರೆಸ್ ಧ್ವಜವನ್ನೂ ಹಾರಿಸಲು ಅನುಮತಿ ದೊರೆಯಿತು.

ಜವಾಬ್ದಾರಿ ಸರ್ಕಾರಕ್ಕೆ ಮಾತ್ರ ಇನ್ನೂ ಒಂಬತ್ತು ವರ್ಷ ಕಾಯಬೇಕಾಯಿತು. 1947ರ ಸೆಪ್ಟೆಂಬರಿನಲ್ಲಿ ಜನ ಬೀದಿಗಿಳಿದಾಗ ಅವರ ಕೂಗು ‘ಮೈಸೂರು ಚಲೋ’. ಹಿಂದಿಯಿಂದ ಬಂದ ಮಾತು, ಧಾತು ಅದೇ ‘ಚಲ’. ಈ ಸಲ ಜನ ನಿಲ್ಲಲಿಲ್ಲ, ನಡೆದರು. ಅಕ್ಟೋಬರಿನಲ್ಲಿ ಕೆ.ಸಿ. ರೆಡ್ಡಿಯವರ ಮಂತ್ರಿಮಂಡಲ ಅಧಿಕಾರ ವಹಿಸಿಕೊಂಡಿತು.